ತರಗತಿಗೆ ಇಳಿಯುವ ಕೈಪಿಡಿ

ಒಂದು ವಿಷಯವನ್ನು ಒಂದು ತರಗತಿಯ ಮಕ್ಕಳಿಗೆ ವರ್ಷವಿಡೀ ಯಾವ ಕ್ರಮದಲ್ಲಿ, ಯಾವ ಚಟುವಟಿಕೆಗಳ ಮೂಲಕ, ಎಷ್ಟು ಹೊತ್ತಿನಲ್ಲಿ ಕಲಿಸಬಹುದು, ಮಕ್ಕಳು ಕಲಿತರೋ ಇಲ್ಲವೋ ಎಂಬುದನ್ನು ಹೇಗೆ ಕಂಡುಕೊಳ್ಳಬಹುದು ಎಂದು ಪಾಠ ಮಾಡುವವರಿಗಾಗಿಯೇ ಬರೆದ ಪುಸ್ತಕ ಶಿಕ್ಷಕರ ಕೈಪಿಡಿ. ಮಕ್ಕಳ ಕೈಗೆ ಕೊಡುವ ಪಠ್ಯಪುಸ್ತಕ ಬೇರೆ. ಪರೀಕ್ಷೆಯ ಹೊತ್ತಿಗೆ ಅಂಗಡಿಗೆ ಬರುವ ಪ್ರಶ್ನೋತ್ತರದ ಗೈಡ್ ಬೇರೆ. ಕೈಪಿಡಿಯನ್ನು ಮಕ್ಕಳು ನೋಡುವುದಿಲ್ಲ, ಪೋಷಕರಿಗೆ ಅದೊಂದು ಇದೆಯೆಂದೇ ಗೊತ್ತಿರುವುದಿಲ್ಲ. ಆದರೂ ಸರ್ಕಾರದ ಶಿಕ್ಷಣ ನೀತಿ ಹಳ್ಳಿಯ ಶಾಲೆಯ ಕಪ್ಪುಹಲಗೆಯವರೆಗೆ ತಲುಪುವುದು ಬಹುಮಟ್ಟಿಗೆ ಈ ಪುಸ್ತಕದ ಮೂಲಕವೇ. ತಲುಪದೆ ನಡುವೆ ನಿಂತುಹೋಗುವುದೂ ಇಲ್ಲಿಯೇ.

ಮೇಲಿನಿಂದ ಕೆಳಗೆ ನೋಡಿದರೆ ಇದೊಂದು ಸರಪಳಿ. ಎಲ್ಲಕ್ಕಿಂತ ಮೇಲೆ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೆ. ಎನ್‌ಸಿಇಆರ್‌ಟಿ ಇದನ್ನು 1975, 1988, 2000 ಮತ್ತು 2005ರಲ್ಲಿ ಸಿದ್ಧಪಡಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 2022ರಲ್ಲಿ ಬುನಾದಿ ಹಂತಕ್ಕೂ 2023ರಲ್ಲಿ ಇಡೀ ಶಾಲಾ ಶಿಕ್ಷಣಕ್ಕೂ ಹೊಸ ಚೌಕಟ್ಟುಗಳು ಬಂದವು. ಶಿಕ್ಷಣ ಯಾವುದಕ್ಕಾಗಿ, ಮಗು ಹೇಗೆ ಕಲಿಯುತ್ತದೆ ಎಂಬ ದೊಡ್ಡ ಮಾತುಗಳು ಅಲ್ಲಿರುತ್ತವೆ. ಅದರ ಕೆಳಗೆ ತರಗತಿವಾರು ಪಠ್ಯವಸ್ತು, ಅದರ ಕೆಳಗೆ ಪಠ್ಯಪುಸ್ತಕ. ಕರ್ನಾಟಕದಲ್ಲಿ ಪಠ್ಯಪುಸ್ತಕದ ಕೆಲಸ ಪಠ್ಯಪುಸ್ತಕ ಸಂಘದ್ದು. ತರಬೇತಿ ಮತ್ತು ಬೋಧನಾ ಸಾಹಿತ್ಯ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಪಾಲಿಗೆ ಬರುತ್ತವೆ. ಚೌಕಟ್ಟಿನಲ್ಲಿ ‘ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳಬೇಕು’ ಎಂದು ಬರೆದರೆ, ಸೋಮವಾರ ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಮೂರನೇ ತರಗತಿಯ ಮಕ್ಕಳ ಮುಂದೆ ನಿಂತವರು ಏನು ಮಾಡಬೇಕು? ಇದಕ್ಕೆ ಉತ್ತರ ಹೇಳಬೇಕಾದ್ದು ಕೈಪಿಡಿ. ಅನೇಕ ಕೈಪಿಡಿಗಳು ಹೀಗೆ ಉತ್ತರಿಸುವ ಬದಲು ಚೌಕಟ್ಟಿನ ವಾಕ್ಯಗಳನ್ನೇ ಮೊದಲ ನಲವತ್ತು ಪುಟಗಳಲ್ಲಿ ಮತ್ತೊಮ್ಮೆ ಅಚ್ಚು ಹಾಕುತ್ತವೆ. ಪಾಠ ಶುರುವಾಗುವ ಪುಟಕ್ಕೆ ಬರುವಷ್ಟರಲ್ಲಿ ಓದುವವರ ತಾಳ್ಮೆ ಮುಗಿದಿರುತ್ತದೆ.

ಕೈಪಿಡಿ ಬರೆಯುವವರು ಮೊದಲು ತಿಳಿಯಬೇಕಾದ್ದು ಅದನ್ನು ಓದುವವರ ದಿನಚರಿಯನ್ನು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್ ಎಲ್ಲವನ್ನೂ ಕಲಿಸುತ್ತಾರೆ. ಎರಡು ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕೂರುವುದು ಸಾಮಾನ್ಯ. ಬಿಸಿಯೂಟದ ಲೆಕ್ಕ, ಹಾಜರಾತಿಯ ಆನ್‌ಲೈನ್ ನಮೂದು, ಇಲಾಖೆ ದಿಢೀರನೆ ಕೇಳುವ ಅಂಕಿ ಅಂಶಗಳು ಇವೆಲ್ಲ ಇದರ ಜೊತೆಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಮತ್ತು 800 ಬೋಧನಾ ಗಂಟೆ, ಆರರಿಂದ ಎಂಟಕ್ಕೆ 220 ದಿನ ಮತ್ತು 1000 ಗಂಟೆ ಎಂದು ಗೊತ್ತುಮಾಡಿದೆ. ಶಿಕ್ಷಕರ ವಾರದ ಕೆಲಸ, ಪಾಠದ ತಯಾರಿಯೂ ಸೇರಿ, 45 ಗಂಟೆ. ಈ ಗಂಟೆಗಳೊಳಗೆ ಕೂರದ ಕೈಪಿಡಿ ಎಷ್ಟೇ ಚೆನ್ನಾಗಿರಲಿ, ಬೀರುವಿನಲ್ಲೇ ಉಳಿಯುತ್ತದೆ. ಬರೆಯುವ ತಂಡ ಮೊದಲ ದಿನವೇ ಒಂದು ಸರಳ ಲೆಕ್ಕ ಹಾಕಬೇಕು: ಈ ವಿಷಯಕ್ಕೆ ವರ್ಷದಲ್ಲಿ ಸಿಗುವ ಪೀರಿಯಡ್‌ಗಳು ಎಷ್ಟು, ಅವುಗಳಲ್ಲಿ ಸೇತುಬಂಧ (ಹಿಂದಿನ ವರ್ಷದ ಪಾಠಗಳ ಮರುಕಲಿಕೆ), ಪರೀಕ್ಷೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಮಳೆ ರಜೆ ಕಳೆದು ಉಳಿಯುವುದು ಎಷ್ಟು. ಅಧ್ಯಾಯಗಳನ್ನು ಬೇರೆಬೇರೆ ಜನ ಬರೆದು, ಪ್ರತಿಯೊಬ್ಬರೂ ತಮ್ಮ ಅಧ್ಯಾಯಕ್ಕೆ ಧಾರಾಳವಾಗಿ ಪೀರಿಯಡ್ ಹಂಚಿಕೊಂಡು, ಕೊನೆಯಲ್ಲಿ ಯಾರೂ ಕೂಡಿ ನೋಡದೆ ಹೋದಾಗ ವರ್ಷದ ದಿನಗಳೇ ಸಾಲದಾಗುತ್ತವೆ.

ಮುಂದಿನ ಹೆಜ್ಜೆ ಕಲಿಕಾ ಫಲವನ್ನು ಗುರುತಿಸುವುದು. ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರ ತಮ್ಮ ಪುಟ್ಟ ಪುಸ್ತಕದಲ್ಲಿ ಪಠ್ಯಕ್ರಮ ರೂಪಿಸುವವರ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟರು: ಗುರಿ ಏನು, ಗುರಿ ಮುಟ್ಟಿಸುವ ಅನುಭವಗಳು ಯಾವುವು, ಅವುಗಳನ್ನು ಹೇಗೆ ಜೋಡಿಸಬೇಕು, ಗುರಿ ಮುಟ್ಟಿದ್ದು ಹೇಗೆ ಗೊತ್ತಾಗುತ್ತದೆ. ಮುಕ್ಕಾಲು ಶತಮಾನ ಕಳೆದರೂ ಈ ನಾಲ್ಕನ್ನು ದಾಟಿ ಯಾರೂ ಬಹಳ ದೂರ ಹೋಗಿಲ್ಲ. ಆದರೆ ಟೈಲರ್ ಕೊನೆಗಿಟ್ಟ ಪ್ರಶ್ನೆಯನ್ನು ಎರಡನೆಯದಾಗಿ ಕೇಳಿಕೊಳ್ಳುವುದು ಒಳ್ಳೆಯದು ಎಂಬ ಮಾತು 1998ರಲ್ಲಿ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಬರೆದ ಪುಸ್ತಕದಿಂದ ಜನಪ್ರಿಯವಾಯಿತು. ಮಗು ಏನನ್ನು ಮಾಡಿ ತೋರಿಸಿದರೆ ಕಲಿತಿದೆ ಎನ್ನಬಹುದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಚಟುವಟಿಕೆ ಹುಡುಕಬೇಕು ಎನ್ನುವುದು ಅವರ ವಾದ. ಚಟುವಟಿಕೆಯಿಂದ ಶುರುಮಾಡಿದರೆ ಕೈಪಿಡಿಯ ತುಂಬ ಮಕ್ಕಳು ಬಣ್ಣ ಹಚ್ಚುತ್ತಾರೆ, ಕತ್ತರಿಸುತ್ತಾರೆ, ಅಂಟಿಸುತ್ತಾರೆ. ಇದರಿಂದ ಏನು ಕಲಿತರು ಎಂದು ಕೇಳಿದರೆ ಬರೆದವರಿಗೂ ಹೇಳಲಾಗುವುದಿಲ್ಲ. ‘ನೀರಿನ ಮಹತ್ವವನ್ನು ಅರಿಯುವರು’ ಎಂಬಂಥ ಫಲಗಳು ಎಲ್ಲ ವರ್ಷದ ಪುಸ್ತಕಗಳಲ್ಲೂ ಇರುತ್ತವೆ. ಅರಿತದ್ದನ್ನು ಯಾರು ಕಂಡರು? ‘ತಮ್ಮ ಮನೆಗೆ ಒಂದು ದಿನ ಎಷ್ಟು ಕೊಡ ನೀರು ಬೇಕು, ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿ ಬರೆದುಕೊಂಡು ಬರುವರು’ ಎಂದಿದ್ದರೆ ಶಿಕ್ಷಕರಿಗೆ ನೋಡಲು ಏನಾದರೂ ಇರುತ್ತದೆ.

ಇಷ್ಟು ಮುಗಿದ ಮೇಲೆ ಕೈಪಿಡಿಯ ನಿಜವಾದ ತಿರುಳಿಗೆ ಬರಬಹುದು. ಪಠ್ಯಪುಸ್ತಕದಲ್ಲಿ ಇರಲಾಗದ, ಅನುಭವಿ ಶಿಕ್ಷಕರ ತಲೆಯಲ್ಲಿ ಮಾತ್ರ ಇರುವ ತಿಳಿವು ಒಂದಿದೆ: ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ. 1986ರಲ್ಲಿ ಲೀ ಶುಲ್ಮನ್ ಎಂಬ ವಿದ್ವಾಂಸರು ವಿಷಯಜ್ಞಾನ ಬೇರೆ, ಆ ವಿಷಯವನ್ನು ಕಲಿಸುವ ಜ್ಞಾನ ಬೇರೆ ಎಂದು ವಿಂಗಡಿಸಿ ತೋರಿಸಿದರು. ಗಣಿತ ಗೊತ್ತಿದ್ದ ಮಾತ್ರಕ್ಕೆ ಮೂರನೇ ತರಗತಿಗೆ ಗಣಿತ ಕಲಿಸಲು ಬರುವುದಿಲ್ಲ ಎಂಬುದು ಮೇಷ್ಟ್ರುಗಳಿಗೆ ಹಿಂದಿನಿಂದಲೂ ಗೊತ್ತಿತ್ತು. ಶುಲ್ಮನ್ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಕೊಡಿಸಿದರು ಎನ್ನಬಹುದು.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ದಶಕ ಸಹಿತ ಕಳೆಯುವ ಪಾಠದಲ್ಲಿ 52ರಿಂದ 38 ಕಳೆಯಬೇಕು, ಸರಿಯುತ್ತರ 14. ಕೆಲವು ಮಕ್ಕಳು 26 ಎಂದು ಬರೆಯುತ್ತಾರೆ. ಅವರು ಬಿಡಿಯ ಸ್ಥಾನದಲ್ಲಿ 2ರಲ್ಲಿ 8 ಹೋಗದು ಎಂದು ಕಂಡು 8ರಲ್ಲೇ 2 ಕಳೆದು 6 ಬರೆದಿದ್ದಾರೆ, ಹತ್ತರ ಸ್ಥಾನದಲ್ಲಿ 5ರಲ್ಲಿ 3 ಕಳೆದು 2 ಬರೆದಿದ್ದಾರೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಹಿಂದೆ ಕಲಿತ ನಿಯಮವನ್ನು ಅವರು ಶ್ರದ್ಧೆಯಿಂದ ಪಾಲಿಸಿದ್ದಾರೆ ಅಷ್ಟೆ. ಇನ್ನು ಕೆಲವರ ಉತ್ತರ 24. ಇವರು ಒಂದು ಹತ್ತನ್ನು ತಂದು 12ರಲ್ಲಿ 8 ಕಳೆದು 4 ಬರೆದರು; ತಂದ ಕಡೆ 5 ಈಗ 4 ಆಗಿದೆ ಎಂಬುದನ್ನು ಮರೆತರು. 90 ಎಂದು ಬರೆದವರು ಕೂಡಿದ್ದಾರೆ. ಮೂರೂ ತಪ್ಪೇ, ಆದರೆ ಮೂರರ ಮದ್ದೂ ಬೇರೆಬೇರೆ. 26 ಬರೆದ ಮಗುವಿಗೆ ಕಡ್ಡಿಗಳ ಕಟ್ಟು ಕೊಟ್ಟು, ಕಟ್ಟು ಬಿಚ್ಚಿಸಿ, ಸ್ಥಾನಬೆಲೆಯಿಂದಲೇ ಮತ್ತೆ ಶುರುಮಾಡಬೇಕು. 24 ಬರೆದ ಮಗುವಿಗೆ ಅಷ್ಟೆಲ್ಲ ಬೇಡ. ತಂದದ್ದನ್ನು ಗೀಟು ಹಾಕಿ ಬರೆಯುವ ಅಭ್ಯಾಸ ಸಾಕು. 90ರ ಮಗುವಿಗೆ ಚಿಹ್ನೆ ನೋಡು ಎಂದರೆ ಮುಗಿಯಿತು. ಈ ನಾಲ್ಕು ಸಾಲನ್ನು ಬರೆದ ಕೈಪಿಡಿ ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಗೆ ಹತ್ತು ವರ್ಷದ ಅನುಭವವನ್ನು ಸಾಲ ಕೊಟ್ಟಂತೆ. ‘ತಪ್ಪು ಮಾಡಿದ ಮಕ್ಕಳಿಗೆ ಪರಿಹಾರ ಬೋಧನೆ ನೀಡಿ’ ಎಂದು ಬರೆದ ಕೈಪಿಡಿ ಅವಳಿಗೆ ಏನನ್ನೂ ಕೊಟ್ಟಿಲ್ಲ.

ಲೆಕ್ಕದ ಆಯ್ಕೆಯೂ ಇದೇ ಕಾರಣಕ್ಕೆ ಮುಖ್ಯ. ಅದೇ ಮಕ್ಕಳಿಗೆ 58ರಿಂದ 32 ಕಳೆಯಲು ಕೊಟ್ಟರೆ ಎಲ್ಲರೂ 26 ಎಂದು ಸರಿಯಾಗಿ ಬರೆಯುತ್ತಾರೆ. ದಶಕ ತರುವುದು ಗೊತ್ತಿಲ್ಲದ ಮಗುವೂ ಪಾಸು. ಯಾವ ಪ್ರಶ್ನೆ ತಿಳಿಯದಿರುವುದನ್ನು ಬಯಲು ಮಾಡುತ್ತದೋ ಅದು ಒಳ್ಳೆಯ ಪ್ರಶ್ನೆ. ಜಪಾನಿನ ಶಿಕ್ಷಕರು ಗುಂಪಾಗಿ ಕೂತು ಒಂದೇ ಪಾಠವನ್ನು ವಾರಗಟ್ಟಲೆ ರೂಪಿಸಿ, ಒಬ್ಬರು ಪಾಠ ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸಿ, ತಿದ್ದಿ ಮತ್ತೆ ಮಾಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಅಲ್ಲಿ ಒಂದನೇ ತರಗತಿಯ ಕಳೆಯುವ ಲೆಕ್ಕಕ್ಕೆ ಮೊದಲು ಯಾವ ಸಂಖ್ಯೆ ಇಡಬೇಕು ಎಂಬುದೇ ದೊಡ್ಡ ಚರ್ಚೆಯ ವಿಷಯ. 13ರಿಂದ 9 ಕಳೆಯಲು ಕೊಟ್ಟರೆ ಮಕ್ಕಳಿಗೆ ಹತ್ತರಿಂದ ಒಂಬತ್ತು ತೆಗೆದು, ಉಳಿದ ಒಂದಕ್ಕೆ ಮೂರು ಸೇರಿಸುವ ದಾರಿ ಹೊಳೆಯುತ್ತದೆ. 12ರಿಂದ 3 ಕೊಟ್ಟರೆ ಮೊದಲು ಎರಡು, ಆಮೇಲೆ ಒಂದು ತೆಗೆಯುವ ದಾರಿ ಸುಲಭ. ಮೊದಲ ದಿನ ಯಾವ ದಾರಿ ಹೊಳೆಯಬೇಕು ಎಂದು ನಿರ್ಧರಿಸಿ ಸಂಖ್ಯೆ ಆರಿಸುತ್ತಾರೆ. ಅಲ್ಲಿನ ಕೈಪಿಡಿಗಳಲ್ಲಿ ಮಕ್ಕಳು ಕೊಡಬಹುದಾದ ಉತ್ತರಗಳಿಗೂ ಜಾಗವಿರುತ್ತದೆ.

ಇನ್ನು ಸಾಮಗ್ರಿಯ ಮಾತು. ‘ಪ್ರತಿ ಜೋಡಿಗೆ 52 ಕಡ್ಡಿಗಳನ್ನು ಕೊಡಿ’ ಎಂದು ಬರೆಯುವುದು ಸುಲಭ. 30 ಮಕ್ಕಳ ತರಗತಿಗೆ ಅದು 780 ಕಡ್ಡಿ! ಅದನ್ನು ಯಾರು ಆರಿಸಿ ತರಬೇಕು, ಯಾರು ಹತ್ತು ಹತ್ತರ ಕಟ್ಟು ಕಟ್ಟಬೇಕು? ಐದೈದು ಮಕ್ಕಳ ಗುಂಪು ಮಾಡಿದರೆ 312 ಸಾಕು; ಅದನ್ನೂ ಮಕ್ಕಳೇ ಒಂದು ವಾರ ಮೊದಲು ಕಟ್ಟಿ ಚೀಲದಲ್ಲಿಟ್ಟರೆ ಕಟ್ಟುವುದೇ ಒಂದು ಪಾಠ. ಈ ಮಟ್ಟಕ್ಕೆ ಇಳಿದು ಯೋಚಿಸಿದ ಕೈಪಿಡಿಯ ಚಟುವಟಿಕೆ ಮಾತ್ರ ತರಗತಿಯಲ್ಲಿ ನಡೆಯುತ್ತದೆ. ಮೊಳಕೆಯ ಪಾಠವೂ ಹಾಗೆಯೇ. ಹೆಸರುಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿರಬೇಕು, ಮೊಳಕೆ ಬರಲು ಇನ್ನೊಂದು ದಿನ ಬೇಕು. ಆ ಸೂಚನೆ ಮೊಳಕೆಯ ಪಾಠದ ಪುಟದಲ್ಲೇ ಇದ್ದರೆ ಶಿಕ್ಷಕರು ಅದನ್ನು ಓದುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅದು ಹಿಂದಿನ ಪಾಠದ ಕೊನೆಯಲ್ಲಿ ಇರಬೇಕು.

ವಿಜ್ಞಾನದ ಕೈಪಿಡಿಗೆ ಇನ್ನೊಂದು ಹೊಣೆಯಿದೆ: ಪ್ರಯೋಗ ಪುಸ್ತಕದಂತೆ ನಡೆಯದಿದ್ದಾಗ ಏನು ಮಾಡಬೇಕು ಎಂದು ಹೇಳುವುದು. ಪಿಷ್ಟದ ಪರೀಕ್ಷೆಗೆ ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಸಾಕು. ಆದರೆ ಅದನ್ನು ನೀರಿನಲ್ಲಿ ತೆಳುಮಾಡದೆ ನೇರವಾಗಿ ಹಾಕಿದರೆ ಅದರ ಕಂದು ಬಣ್ಣವೇ ಎಲ್ಲವನ್ನೂ ಮುಚ್ಚಿ, ಯಾವುದರಲ್ಲಿ ಪಿಷ್ಟವಿದೆ, ಯಾವುದರಲ್ಲಿ ಇಲ್ಲ ಎಂದು ಮಕ್ಕಳಿಗೆ ಬೇರ್ಪಡಿಸಲಾಗುವುದಿಲ್ಲ. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ತಲೆಮಾರುಗಳಿಂದ ಶಾಲೆಗಳಲ್ಲಿ ನಡೆಯುತ್ತಿದೆ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಉರಿದುಹೋದ ಆಮ್ಲಜನಕದ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಎಂಬ ವಿವರಣೆ ಅಷ್ಟೇ ಹಳೆಯದು. ಅದು ತಪ್ಪು. ಲೋಟದೊಳಗಿನ ಆಮ್ಲಜನಕವೆಲ್ಲ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ; ಉರಿದ ಆಮ್ಲಜನಕದ ಬದಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟಿರುತ್ತವೆ; ನೀರು ಏರುವುದು ಮುಖ್ಯವಾಗಿ ಕಾದ ಗಾಳಿ ತಣಿದು ಕುಗ್ಗುವುದರಿಂದ. ಒಂದರ ಬದಲು ಮೂರು ಬತ್ತಿ ಹಚ್ಚಿದರೆ ನೀರು ಇನ್ನೂ ಮೇಲೆ ಏರುತ್ತದೆ. ಲೋಟದಲ್ಲಿದ್ದ ಆಮ್ಲಜನಕವಂತೂ ಅಷ್ಟೇ, ಹಾಗಾದರೆ ನೀರು ಹೆಚ್ಚು ಏರಿದ್ದೇಕೆ? ಇಂಥ ಪ್ರಶ್ನೆಯನ್ನು ಏಳನೇ ತರಗತಿಯ ಚುರುಕಿನ ಹುಡುಗಿಯೊಬ್ಬಳು ಎತ್ತಿದಾಗ ಶಿಕ್ಷಕರು ಪೇಚಿಗೆ ಸಿಕ್ಕಬಾರದು ಎಂದರೆ ಕೈಪಿಡಿ ಅವರಿಗೆ ಮೊದಲೇ ಹೇಳಿರಬೇಕು.

ಕರ್ನಾಟಕದಲ್ಲಿ ತರಗತಿಗೆ ನಿಜವಾಗಿ ಇಳಿದ ಬೋಧನಾ ಸಾಹಿತ್ಯದ ಉದಾಹರಣೆ ಎಂದರೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳನ್ನು ನೋಡಿಬಂದರು. ಪಾಠಗಳನ್ನು ಒಡೆದು ಕಾರ್ಡುಗಳಾಗಿಸಿ, ಒಂದೊಂದು ಮಗುವೂ ತನ್ನ ವೇಗದಲ್ಲಿ ಹತ್ತುವ ಕಲಿಕಾ ಏಣಿಯನ್ನು ಅಲ್ಲಿ ರೂಪಿಸಿದ್ದರು. ಯುನಿಸೆಫ್ ನೆರವಿನೊಂದಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಕೂತು ಕನ್ನಡಕ್ಕೆ, ಗಣಿತಕ್ಕೆ, ಪರಿಸರಕ್ಕೆ ಕಾರ್ಡುಗಳನ್ನು ಬರೆದರು. ಅಲ್ಲಿದ್ದದ್ದನ್ನು ಕನ್ನಡಕ್ಕೆ ಇಳಿಸಿಕೊಂಡರೆ ಆಗುತ್ತಿರಲಿಲ್ಲ. ಭಾಷೆಯ ಏಣಿಯನ್ನಂತೂ ಮೊದಲಿನಿಂದಲೇ ಕಟ್ಟಬೇಕಿತ್ತು.

ಆ ಏಣಿಯ ಮೊದಲ ಮೆಟ್ಟಿಲು ‘ಅ, ಆ, ಇ, ಈ’ ಅಲ್ಲ. ನಲಿ-ಕಲಿಯ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಮೊಮ್ಮಗಳ ಬಾಯಲ್ಲಿ ‘ರಗಸದಅ’ ಕೇಳಿದ ಅಜ್ಜ ಅಜ್ಜಿಯರು ಇದೇನು ವಿದ್ಯೆ ಎಂದು ಬೆರಗಾದದ್ದೂ ಉಂಟು, ಗೊಣಗಿದ್ದೂ ಉಂಟು. ಆದರೆ ಇದರ ಹಿಂದೆ ಲೆಕ್ಕಾಚಾರವಿದೆ. ವರ್ಣಮಾಲೆಯ ಮೊದಲ ಐದು ಸ್ವರಗಳನ್ನು ಕಲಿತ ಮಗು ‘ಆ’, ‘ಈ’ ಬಿಟ್ಟರೆ ಒಂದು ಪದವನ್ನೂ ಓದಲಾರದು. ಈ ಐದು ಅಕ್ಷರ ಕಲಿತ ಮಗು ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ ಇಷ್ಟನ್ನೂ ಕಾಗುಣಿತದ ಹಂಗಿಲ್ಲದೆ ಓದುತ್ತದೆ. ಅಕ್ಷರಗಳ ರೂಪದಲ್ಲೂ ಹೋಲಿಕೆಯಿದೆ. ‘ರ’ದ ದುಂಡಿಗೆ ಒಗ್ಗಿದ ಕೈಗೆ ‘ದ’, ‘ಸ’ ಬರೆಯುವುದು ಕಷ್ಟವಲ್ಲ. ಶಾಲೆಗೆ ಬಂದ ಕೆಲವೇ ದಿನಗಳಲ್ಲಿ ‘ನನಗೆ ಓದಲು ಬರುತ್ತದೆ’ ಎಂದು ಮಗುವಿಗೆ ಅನ್ನಿಸುವುದು ಸಣ್ಣ ಸಂಗತಿಯಲ್ಲ. ಸರಳದಿಂದ ಕ್ಲಿಷ್ಟಕ್ಕೆ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಮಗುವಿಗೆ ಸರಳ ಯಾವುದು ಎಂದು ವಿಚಾರ ಮಾಡಿ ಶತಮಾನಗಳ ಕ್ರಮವನ್ನೇ ಬದಲಿಸುವ ಎದೆಗಾರಿಕೆ ಅಪರೂಪ.

ನಲಿ-ಕಲಿಯಲ್ಲಿ ಏಣಿಯ ಮೇಲೆ ಮೈಲಿಗಲ್ಲುಗಳಿವೆ. ಪ್ರತಿ ಕಾರ್ಡಿಗೆ ಲೋಗೊ ಎಂದು ಕರೆಯುವ ಚಿತ್ರಚಿಹ್ನೆ ಇದೆ. ಓದು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ತೆಗೆದುಕೊಂಡು ಸರಿಯಾದ ಗುಂಪಿಗೆ ಹೋಗಿ ಕೂರುತ್ತದೆ. ಗುಂಪಿಗೆ ಶಿಕ್ಷಕರ ಮಾತಿನಲ್ಲಿ ‘ತಟ್ಟೆ’ ಎಂದು ಹೆಸರು. ಒಂದರಲ್ಲಿ ಪೂರ್ತಿ ಶಿಕ್ಷಕರ ಸಹಾಯ, ಇನ್ನೊಂದರಲ್ಲಿ ಅರೆಬರೆ, ಮತ್ತೆ ಕೆಲವುಗಳಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಸ್ವಂತ ಕಲಿಕೆ. ಬಹುವರ್ಗ ಬೋಧನೆಯಲ್ಲಿ ಶಿಕ್ಷಕರ ಸಮಯವೇ ಎಲ್ಲಕ್ಕಿಂತ ದುಬಾರಿ ಸಾಮಗ್ರಿ ಎಂಬುದನ್ನು ಅರಿತು ಅದನ್ನು ಹಂಚಿದ ಬಗೆ ಇದು. ಇಲ್ಲಿ ಕೈಪಿಡಿಯ ಅರ್ಧ ಭಾಗ ಕಾರ್ಡಿನಲ್ಲೂ ಏಣಿಯಲ್ಲೂ ಗೋಡೆಯ ಪ್ರಗತಿ ನೋಟದಲ್ಲೂ ಇರುವುದರಿಂದ ಶಿಕ್ಷಕರು ಪ್ರತಿ ಸಲ ಪುಸ್ತಕ ತೆರೆಯಬೇಕಾದ್ದಿಲ್ಲ. 2009-10ರ ಸಾಲಿನಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ವಿಸ್ತರಿಸಿದಾಗ ಬರುವ ಸಂಕಟವೂ ಬಂತು. ಕಾರ್ಡುಗಳನ್ನು ತಾವೇ ಬರೆದವರಿಗೆ ಪ್ರತಿ ಮೆಟ್ಟಿಲು ಯಾಕೆ ಅಲ್ಲಿದೆ ಎಂದು ಗೊತ್ತಿತ್ತು. ಪೆಟ್ಟಿಗೆಯಲ್ಲಿ ಬಂದ ಕಾರ್ಡು ತೆರೆದವರಿಗೆ ಅದು ಗೊತ್ತಾಗಬೇಕಾದರೆ ಕಾರಣವನ್ನೂ ಬರೆದಿರಬೇಕು. ಕಾರಣ ತಿಳಿಯದ ಕಡೆ ಏಣಿ ಬರೀ ಸಂಖ್ಯೆಗಳ ಪಟ್ಟಿಯಾಗಿ, ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ತಪಾಸಣೆಗೆ ಬಂದವರಿಗೆ ತೋರಿಸುವ ಲೆಕ್ಕವಾಗಿಬಿಡುತ್ತದೆ.

ಕೋವಿಡ್‌ನಿಂದ ಶಾಲೆ ಮುಚ್ಚಿ ತೆರೆದ ಮೇಲೆ 2022-23ರಲ್ಲಿ ಬಂದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಇನ್ನೊಂದು ಬಗೆಯ ಸವಾಲು ಒಡ್ಡಿತು. ಐದನೇ ತರಗತಿಯಲ್ಲಿ ಕೂತ ಮಗು ಮೂರು ಮತ್ತು ನಾಲ್ಕನ್ನು ಶಾಲೆಯಲ್ಲಿ ಸರಿಯಾಗಿ ಕಂಡೇ ಇರಲಿಲ್ಲ. ಆಗ ಬೇಕಾದ ಕೈಪಿಡಿ ತರಗತಿಯ ಪಾಠಕ್ಕೆ ಹೊಂದುವುದಕ್ಕಿಂತ ಹಿಂದಿನ ವರ್ಷಗಳ ಕಲಿಕಾ ಫಲಗಳಿಗೆ ಕೈಚಾಚಬೇಕಿತ್ತು. ಶಿಕ್ಷಕರಿಗೆ ಕೈಪಿಡಿ, ಮಕ್ಕಳಿಗೆ ಕಲಿಕಾ ಹಾಳೆ ಎಂಬ ಜೋಡಿಯನ್ನು ಆಗ ರೂಪಿಸಲಾಯಿತು.

ಶಿಕ್ಷಕರು ಆಡಬೇಕಾದ ಮಾತನ್ನೂ ಅಕ್ಷರಶಃ ಬರೆದುಕೊಡಬೇಕೆ ಎಂಬುದು ಈ ಕ್ಷೇತ್ರದ ಹಳೆಯ ಜಗಳ. 1960ರ ದಶಕದಲ್ಲಿ ಅಮೆರಿಕದ ಸೀಗ್‌ಫ್ರೀಡ್ ಎಂಗಲ್‌ಮನ್ ಮತ್ತು ಅವರ ಜೊತೆಗಾರರು ಮಾತು ಮಾತಿಗೂ ಬರೆದಿಟ್ಟ ಪಾಠಗಳನ್ನು ತಂದರು. ಹೀಗೆ ಮಾಡಿದರೆ ಶಿಕ್ಷಕರು ಗಿಳಿಗಳಾಗುತ್ತಾರೆ ಎಂಬ ಆಕ್ಷೇಪ ಅಂದಿನಿಂದಲೂ ಇದೆ. ಕೀನ್ಯಾ 2015ರಲ್ಲಿ ‘ತುಸೋಮೆ’ ಎಂಬ ಓದಿನ ಕಾರ್ಯಕ್ರಮವನ್ನು ದೇಶದ ಸರ್ಕಾರಿ ಶಾಲೆಗಳಿಗೆಲ್ಲ ತಂದಾಗ ಪ್ರತಿ ಮಗುವಿಗೊಂದು ಪುಸ್ತಕದ ಜೊತೆಗೆ ಶಿಕ್ಷಕರಿಗೆ ದಿನದಿನದ ಪಾಠದ ಕೈಪಿಡಿ ಕೊಟ್ಟಿತು. ಮಕ್ಕಳ ಓದು ಗಣನೀಯವಾಗಿ ಸುಧಾರಿಸಿತು. ಅದರಲ್ಲಿ ಕೆಲಸ ಮಾಡಿದ ಸಂಶೋಧಕರೇ 13 ದೇಶಗಳ 19 ಯೋಜನೆಗಳ ಕೈಪಿಡಿಗಳನ್ನು ಹೋಲಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈಪಿಡಿ ಇದ್ದರೆ ಮಕ್ಕಳ ಕಲಿಕೆಗೆ ಲಾಭ, ಆದರೆ ಅತಿಯಾಗಿ ಮಾತು ತುಂಬಿದ ಕೈಪಿಡಿಗಿಂತ ಸರಳವಾದದ್ದೇ ಹೆಚ್ಚು ಪರಿಣಾಮಕಾರಿ ಎಂಬುದು ಅದರ ಸಾರ. ಶಿಕ್ಷಕರು ಬರೆದ ಮಾತನ್ನು ಬಿಟ್ಟು ತಮ್ಮದನ್ನು ಸೇರಿಸುತ್ತಾರೆ, ಬೇಡವಾದದ್ದನ್ನು ಹಾರಿಸುತ್ತಾರೆ. ಇದನ್ನು ಅವಿಧೇಯತೆ ಎಂದು ತಿಳಿಯುವವರು ಕೈಪಿಡಿ ಬರೆಯದಿರುವುದು ಲೇಸು. ಮುಖ್ಯ ಪ್ರಶ್ನೆ, ಕಪ್ಪುಹಲಗೆಯ ಮೇಲೆ ಬರಬೇಕಾದ ಚಿತ್ರ, ಹೊಸ ಪದದ ಅರ್ಥ ಹೇಳುವ ವಾಕ್ಯ ಇವನ್ನು ಬರೆದುಕೊಟ್ಟು ಉಳಿದದ್ದನ್ನು ಪಾಠ ಮಾಡುವವರಿಗೆ ಬಿಡುವುದು ನ್ಯಾಯ.

ಪುಸ್ತಕದ ರೂಪದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಪೀರಿಯಡ್‌ನ ಪಾಠ ಎದುರುಬದುರಿನ ಎರಡು ಪುಟ ಮೀರಬಾರದು. ಮೇಜಿನ ಮೇಲೆ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳದಂತೆ ಹೊಲಿದಿರಬೇಕು. ನಿಂತು ನೋಡಿದರೂ ಕಾಣುವಷ್ಟು ಅಕ್ಷರ ದಪ್ಪವಿರಬೇಕು. ಭಾಷೆಯ ವಿಚಾರ ಸ್ವಲ್ಪ ಗಂಭೀರ. ಕನ್ನಡದ ಕೈಪಿಡಿಗಳಲ್ಲಿ ಕೆಲವು ಇಂಗ್ಲಿಷಿನಲ್ಲಿ ಯೋಚಿಸಿ ಅವಸರದಲ್ಲಿ ಅನುವಾದಿಸಿದಂಥವು. ‘ವಿದ್ಯಾರ್ಥಿಗಳನ್ನು ಪೂರ್ವಜ್ಞಾನದ ಸಕ್ರಿಯಗೊಳಿಸುವಿಕೆಯಲ್ಲಿ ತೊಡಗಿಸುವುದು’ ಎಂದು ಓದಿದವರು ‘ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ’ ಎಂದು ಮನಸ್ಸಿನಲ್ಲೇ ಮರು ಅನುವಾದ ಮಾಡಿಕೊಳ್ಳಬೇಕು. ಮಕ್ಕಳ ಭಾಷೆಯ ಪ್ರಶ್ನೆಯೂ ಇದೆ. ಮಂಗಳೂರಿನ ಮಗುವಿನ ಮನೆಮಾತು ತುಳುವೋ ಬ್ಯಾರಿಯೋ ಆಗಿರಬಹುದು, ಕೋಲಾರದ್ದು ತೆಲುಗು, ಕಲಬುರಗಿಯ ತಾಂಡಾದ್ದು ಲಂಬಾಣಿ. ಇಡೀ ರಾಜ್ಯಕ್ಕೆ ಒಂದೇ ಕೈಪಿಡಿ ಅಚ್ಚಾದರೂ ‘ಇಲ್ಲಿ ನಿಮ್ಮ ಊರಿನ ಪದವನ್ನು ಮಕ್ಕಳಿಂದಲೇ ಕೇಳಿ ಬರೆದುಕೊಳ್ಳಿ’ ಎಂದು ಜಾಗ ಬಿಡುವುದಕ್ಕೆ ಖರ್ಚೇನೂ ಇಲ್ಲ. ಜೂನ್ ತಿಂಗಳಿನ ಮಳೆಯ ಪಾಠ ಆಗುಂಬೆಗೆ ಒಗ್ಗುತ್ತದೆ, ರಾಯಚೂರಿಗೆ ಒಗ್ಗುವುದಿಲ್ಲ. ಪಾಠವನ್ನು ಹಿಂದು ಮುಂದು ಮಾಡಿಕೊಳ್ಳಲು ಅನುಮತಿ ಇದೆಯೆಂದು ಬರೆದಿರಬೇಕು, ಇಲ್ಲವಾದರೆ ತಪಾಸಣೆಗೆ ಹೆದರಿ ಯಾರೂ ಬದಲಿಸುವುದಿಲ್ಲ.

ಅಚ್ಚಿಗೆ ಹೋಗುವ ಮೊದಲು ಕೈಪಿಡಿಯನ್ನು ತರಗತಿಯಲ್ಲಿ ಪ್ರಯೋಗಿಸಿ ನೋಡುವುದು ಕೊನೆಯ ಹಂತ. ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಕಾರ್ಯಾಗಾರದಲ್ಲಿ ಬರೆದವರೇ ಒಬ್ಬರಿಗೊಬ್ಬರು ಪಾಠ ಮಾಡಿ ತೋರಿಸುವುದು ಪರೀಕ್ಷೆಯಲ್ಲ. ಬರೆದವರಲ್ಲದ ಒಬ್ಬ ಸಾಮಾನ್ಯ ಶಿಕ್ಷಕರು, ಸಾಮಾನ್ಯ ಶಾಲೆಯಲ್ಲಿ, ಕೈಪಿಡಿ ಬಿಟ್ಟು ಬೇರೆ ವಿವರಣೆ ಇಲ್ಲದೆ ಪಾಠ ಮಾಡುವಾಗ ಬರೆದವರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರಬೇಕು. ಎಲ್ಲಿ ಪಾಠ ನಿಂತಿತು, ಯಾವ ಸೂಚನೆ ತಪ್ಪಾಗಿ ಅರ್ಥವಾಯಿತು ಎಂದು ಅಲ್ಲಿ ಕಾಣುತ್ತದೆ.

ಇದನ್ನು ದೀರ್ಘಕಾಲ ಮಾಡಿ ತೋರಿಸಿದ್ದು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ ಇದನ್ನು ಆರಂಭಿಸಿದವು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ‘ಬಾಲ ವೈಜ್ಞಾನಿಕ’ ಎಂಬ ಅದರ ಪುಸ್ತಕಗಳಲ್ಲಿ ಉತ್ತರಗಳಿರಲಿಲ್ಲ, ಪ್ರಯೋಗಗಳೂ ಪ್ರಶ್ನೆಗಳೂ ಇದ್ದವು. ಶಿಕ್ಷಕರು ಪ್ರತಿ ತಿಂಗಳು ಸಭೆ ಸೇರಿ ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂದು ಹೇಳಿಕೊಳ್ಳುತ್ತಿದ್ದರು. ಅಧ್ಯಾಯಗಳು ಅದರ ಆಧಾರದ ಮೇಲೆ ತಿದ್ದುಪಡಿಯಾಗುತ್ತಿದ್ದವು. ಹೂವಿನ ಭಾಗ ಬಿಡಿಸಲು ಅಂಗಡಿಯ ಸೂಜಿಯ ಬದಲು ಜಾಲಿ ಮುಳ್ಳು ಸಾಕು ಎಂಬಂಥ ಉಪಾಯಗಳು ಹುಟ್ಟಿದ್ದು ಈ ವಾತಾವರಣದಲ್ಲಿ. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಪರೀಕ್ಷೆ ಬದಲಾಗದೆ ಬೋಧನೆ ಬದಲಾಗುವುದಿಲ್ಲ ಎಂಬ ಅರಿವು ಅವರಿಗಿತ್ತು. ಪ್ರಶ್ನೆಪತ್ರಿಕೆ ಕಂಠಪಾಠ ಕೇಳಿದರೆ ಕೈಪಿಡಿ ಎಷ್ಟೇ ಚಟುವಟಿಕೆ ಹೇಳಲಿ, ಶಿಕ್ಷಕರು ಪ್ರಶ್ನೆಪತ್ರಿಕೆಯನ್ನೇ ನಂಬುತ್ತಾರೆ. ನಂಬಬೇಕು ಕೂಡ, ಮಕ್ಕಳ ಅಂಕ ನಿಂತಿರುವುದು ಅದರ ಮೇಲೆ. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು.

ತಿಂಗಳ ಸಭೆಗೆ ಕರ್ನಾಟಕ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಬ್ಲಾಕ್ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಡಯಟ್ ಎಲ್ಲವೂ ಇವೆ. ಆ ಸಭೆಗಳ ಹೆಚ್ಚಿನ ಹೊತ್ತು ಸುತ್ತೋಲೆ ಓದುವುದಕ್ಕೂ ಅಂಕಿ ಅಂಶ ಒಪ್ಪಿಸುವುದಕ್ಕೂ ಹೋಗದೆ, ಒಂದು ಗಂಟೆಯಾದರೂ ಕಳೆದ ತಿಂಗಳು ಕಲಿಸಿದ ಪಾಠದ ಪುಟ ತೆರೆದು ‘ಇದು ನಡೆಯಿತು, ಇದು ನಡೆಯಲಿಲ್ಲ’ ಎಂದು ಹೇಳಲು ಸಿಕ್ಕರೆ ಸಾಕು. ಒಳ್ಳೆಯ ಶಿಕ್ಷಕರು ತಮ್ಮ ಕೈಪಿಡಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಯೇ ಇರುತ್ತಾರೆ: ಈ ಚಟುವಟಿಕೆಗೆ ಎರಡು ಪೀರಿಯಡ್ ಬೇಕು, ಈ ಚಿತ್ರ ಮಕ್ಕಳಿಗೆ ತಿಳಿಯುವುದಿಲ್ಲ, ಈ ಲೆಕ್ಕ ತಪ್ಪಿದೆ. ಮುಂದಿನ ಆವೃತ್ತಿ ಬರೆಯಲು ಬೆಂಗಳೂರಿನಲ್ಲಿ ಸೇರುವ ಸಮಿತಿ ಮೊದಲ ಸಭೆಗೆ ಮುನ್ನ ಜಿಲ್ಲೆಗೆ ಹತ್ತರಂತೆಯಾದರೂ ಇಂಥ ಬಳಸಿ ಹಳತಾದ ಪ್ರತಿಗಳನ್ನು ಕೇಳಿ ತರಿಸಿಕೊಳ್ಳಲಿ.